ತುದಿಯಲ್ಲಿ ಕೂತವರು

ದಕ್ಷಿಣ ಬೆಂಗಳೂರಿನ ಒಂದು ಕ್ರಿಕೆಟ್ ಕೋಚಿಂಗ್ ಕ್ಯಾಂಪು. ಭಾನುವಾರ ಬೆಳಿಗ್ಗೆ ಆರೂಮುಕ್ಕಾಲು. ಹೊಂಗೆ ಮರದ ಕೆಳಗೆ, ಬೌಂಡರಿಯ ಸುಣ್ಣದ ಗೆರೆಗೆ ತಾಗಿದಂತೆ ಬಿಳಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಪೋಷಕರು ಗೆರೆಯಿಂದ ಐದು ಮಾರು ದೂರ ಕೂರಬೇಕೆಂದು ಬೋರ್ಡು ಇದೆ. ಬೆಳಿಗ್ಗೆ ಹುಡುಗರು ಹಾಕುವಾಗ ಕುರ್ಚಿಗಳು ಬೋರ್ಡಿನ ಹಿಂದೆಯೇ ಇರುತ್ತವಂತೆ. ಆಟ ಬಿಸಿಯೇರಿದ ಹಾಗೆ ತಾವಾಗಿ ಮುಂದೆ ಸರಿಯುತ್ತವಂತೆ. ಎಡದಿಂದ ಮೂರನೆಯ ಕುರ್ಚಿ, ಒಂದು ಹಿಂಗಾಲಿಗೆ ಬೈಂಡಿಂಗ್ ವೈರ್ ಸುತ್ತಿಸಿಕೊಂಡದ್ದು, ಮಾತಾಡಲು ಒಪ್ಪಿತು. ಒಂದೇ ಷರತ್ತು: ನಡುವೆ ಎದ್ದು ಕೂಗಬಾರದು.

ನಾನು: ನಮಸ್ಕಾರ ಕುರ್ಚಿಯವರೇ.

ಕುರ್ಚಿ: ನಮಸ್ಕಾರ ಸ್ವಾಮಿ. ಪತ್ರಿಕೆಯವರು ಕುರ್ಚಿ ಹುಡುಕ್ಕೊಂಡು ಬಂದಿದಾರೆ ಅಂದಾಗ ವಿಧಾನಸೌಧಕ್ಕೆ ಹೋಗೋರು ದಾರಿ ತಪ್ಪಿರಬೇಕು ಅಂದ್ಕೊಂಡೆ. ಅಲ್ಲಿರೋ ನಮ್ಮವರಿಗೆ, ಕೂತವರು ಏಳಲ್ಲ ಅನ್ನೋ ಕಷ್ಟ. ನನಗೆ, ಯಾರೂ ಕೂರಲ್ಲ ಅನ್ನೋ ಕಷ್ಟ.

ನಾನು: ಕೂರಲ್ಲವೇ? ಸಾಲಿನ ತುಂಬ ಜನ ಇದ್ದಾರಲ್ಲ.

ಕುರ್ಚಿ: ಅದು ಕೂರೋದೇನ್ರೀ? ತುದೀಲಿ ನಾಲ್ಕು ಬೆರಳಷ್ಟು ಜಾಗ ಸಾಕು ಅವರಿಗೆ. ಉಳಿದ ಭಾರವೆಲ್ಲ ಪಿಚ್ ಮೇಲೆ. ಎಂಟು ವರ್ಷದ ಸರ್ವಿಸು ನನ್ನದು, ಬೆನ್ನಿಗೆ ಒರಗಿದವರು ಕೈಬೆರಳಿಗಿಂತ ಕಮ್ಮಿ. ನೋಡಿ, ಮುಂಗಾಲು ಎರಡೂ ಸವೆದು ಗಿಡ್ಡ ಆಗಿವೆ. ಬೆನ್ನು ಮಾತ್ರ ಅಂಗಡೀಲಿದ್ದ ಹಾಗೇ ಫಳಫಳ ಹೊಳೀತದೆ.

ನಾನು: ಮತ್ತೆ ಹಿಂಗಾಲು ಮುರಿದಿದ್ದು?

ಕುರ್ಚಿ: ಅದೊಂದು ರನೌಟು. ಅಂಡರ್ ಟ್ವೆಲ್ವ್ ಮ್ಯಾಚು, ಅದೂ ಫ್ರೆಂಡ್ಲಿ. ಅಂಪೈರ್ ನಿಂತಿದ್ದವನು ಸೆಕೆಂಡ್ ಪಿಯುಸಿ ಹುಡುಗ, ಮ್ಯಾಚಿಗೆ ಇಷ್ಟು ಅಂತ ಪಾಕೆಟ್ ಮನಿಗೆ ಬರ್ತಿದ್ದ. ಬೆರಳೆತ್ತಿದ. ನನ್ನ ಮೇಲಿದ್ದವರು ಯಾವುದೋ ಕಂಪನಿಯ ಮ್ಯಾನೇಜರು, ಇನ್ನೂರು ಜನಕ್ಕೆ ಸಂಬಳ ಹೆಚ್ಚಿಸೋದು, ತಗ್ಗಿಸೋದು ಇವರ ಕೈಲಿ. ಎದ್ದ ರಭಸಕ್ಕೆ ನಾನು ಹಿಂದಕ್ಕೆ ಬಿದ್ದೆ. ಅವರು ಸೀದಾ ಒಳಕ್ಕೆ ಹೋಗಿ, "ಯಾರಯ್ಯಾ ನಿನ್ನ ಅಂಪೈರ್ ಮಾಡಿದ್ದು?" ಅಂದ್ರು. ಹುಡುಗ ಮುಂದಿನ ವಾರ ಬರಲಿಲ್ಲ.

ನಾನು: ಆಮೇಲೆ?

ಕುರ್ಚಿ: ಆಮೇಲೇನು, ಬೇರೆ ಯಾರೂ ಸಿಗದೆ ಆ ಮ್ಯಾನೇಜರನ್ನೇ ಅಂಪೈರ್ ನಿಲ್ಲಿಸಿದ್ರು. ಮೂರನೇ ಓವರಿಗೆ ಈ ಸಾಲಿಂದ ಆರು ಜನ ಎದ್ದು ಅದೇ ಪ್ರಶ್ನೆ ಕೇಳಿದ್ರು.

ನಾನು: ಮಕ್ಕಳಿಗೆ ಹುರುಪು ಕೊಡೋದು ತಪ್ಪೇ? "ಭಲೇ ಮಗನೇ" ಅನ್ನಬಾರದೇ?

ಕುರ್ಚಿ: "ಭಲೇ" ಅಂದ್ರೆ ನಾನೂ ಕಿರ್ರ್ ಅಂತ ಚಪ್ಪಾಳೆ ಹೊಡೀತೀನಿ. ಇಲ್ಲಿ "ಭಲೇ" ಎಲ್ಲಿದೆ? ಚೆಂಡು ಗಾಳೀಲಿದೆ, ಆಗ "ಫ್ರಂಟ್ ಫುಟ್, ಫ್ರಂಟ್ ಫುಟ್!" ಅಂತ ಅಪ್ಪ. ಹಿಂದಿನ ದಿನ ಕೋಚ್ ಸರ್ ಹೇಳಿದ್ದು ಬ್ಯಾಕ್ ಫುಟ್. ಹುಡುಗ ಸಂಸ್ಕಾರವಂತ, ಇಬ್ಬರಿಗೂ ಮರ್ಯಾದೆ ಕೊಟ್ಟು ಕ್ರೀಸಿನ ನಡುವೆ ನಿಲ್ತಾನೆ, ಎಲ್‌ಬಿ ಆಗ್ತಾನೆ. ಆ ಕೊನೇ ಕುರ್ಚಿಯವರು ಇನ್ನೊಂದು ಥರ. ಬಾಯಿ ಬಿಡಲ್ಲ, ಬರೀ ಎಣಿಸ್ತಾರೆ. ನೆಟ್ಸಲ್ಲಿ ನಮ್ಮವನಿಗೆ ಹನ್ನೆರಡು ಬಾಲು, ಅವರ ಮಗನಿಗೆ ಇಪ್ಪತ್ನಾಲ್ಕು. ಡೈರೀಲಿ ಬರೆದಿಡ್ತಾರೆ. ಪಕ್ಕದವರು ಮೊಬೈಲನ್ನ ಮೂರುಕಾಲಿನ ಸ್ಟ್ಯಾಂಡ್ ಮೇಲಿಟ್ಟು ವಿಡಿಯೋ ಮಾಡ್ತಾರೆ. ಪಾಪದ ಕೂಸು, ಬೋಲ್ಡ್ ಆದದ್ದು ಒಂದು ಸಲ. ಸ್ಲೋ ಮೋಷನ್ನಲ್ಲಿ ಹತ್ತು ಸಲ ಆಗಬೇಕು, ಆಮೇಲೆ ಶಿವಮೊಗ್ಗದ ಅತ್ತೆ, ಮೈಸೂರಿನ ದೊಡ್ಡಪ್ಪ ಎಲ್ಲರ ಮೊಬೈಲಲ್ಲೂ ಆಗಬೇಕು.

ನಾನು: ದುಡ್ಡು ಸುರಿದಿರ್ತಾರಲ್ಲ, ಆ ಸಂಕಟ ಇರುತ್ತೆ.

ಕುರ್ಚಿ: ಇರುತ್ತೆ, ಸುಳ್ಳಲ್ಲ. ಫೀಸು, ಇಂಗ್ಲಿಷ್ ವಿಲೋ ಬ್ಯಾಟು, ಪರ್ಸನಲ್ ಕೋಚು. ಆದರೆ ನನಗೆ ಒಂದು ವಿಷಯ ಅರ್ಥ ಆಗಲ್ಲ. ಇದೇ ಅಪ್ಪಂದಿರು ಹಲ್ಲಿನ ಡಾಕ್ಟರಿಗೂ ದುಡ್ಡು ಕೊಡ್ತಾರೆ. ಅಲ್ಲಿ ಡ್ರಿಲ್ಲು ಬಾಯೊಳಗಿರುವಾಗ "ಸ್ವಲ್ಪ ಎಡಕ್ಕೆ!" ಅಂತ ಕೂಗ್ತಾರಾ?

ನಾನು: ವಯಸ್ಸಿನ ವಿಚಾರ ಬಹಳ ಕೇಳ್ತೀವಿ.

ಕುರ್ಚಿ: (ಸುತ್ತ ನೋಡಿ, ದನಿ ತಗ್ಗಿಸಿ) ಮೀಸೆ ಮೂಡಿರ್ತದೆ, ಸಂಜೆ ಸ್ಕೂಟರು ಹೊಡ್ಕೊಂಡು ಬರ್ತಾನೆ, ಫಾರಮ್ಮಿನಲ್ಲಿ ಅಂಡರ್ ಫೋರ್ಟೀನು. ಅದಕ್ಕೇ ಬಿಸಿಸಿಐನವರು ಅಂಡರ್ ಸಿಕ್ಸ್‌ಟೀನ್ ಹುಡುಗರ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸೋದು. ಟಿಡಬ್ಲ್ಯೂ3 ಅಂತಾರೆ, ಮೂಳೆ ಬೆಳೆದಿರೋದು ನೋಡಿ ವಯಸ್ಸು ಅಂದಾಜು ಮಾಡ್ತಾರೆ. ಮೂಳೆಗೆ ಅಪ್ಪನ ಮಾತು ಕೇಳಿ ಅಭ್ಯಾಸ ಇಲ್ಲ ನೋಡಿ. ನಮ್ಮೂರಿನ ರಾಹುಲ್ ದ್ರಾವಿಡ್ 2015ರಲ್ಲಿ ದೆಹಲೀಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟಾಗ, ವಯಸ್ಸು ಮುಚ್ಚಿಡೋದನ್ನ ಫಿಕ್ಸಿಂಗ್ ಪಕ್ಕದಲ್ಲೇ ಕೂರಿಸಿ ಮಾತಾಡಿದ್ರು. ಹೆತ್ತವರೂ ಕೋಚೂ ಸೇರಿ ಸುಳ್ಳು ಸರ್ಟಿಫಿಕೇಟ್ ಮಾಡಿಸೋದನ್ನ ನೋಡಿದ ಮಗು ಮೋಸ ತಾನೇ ಕಲಿಯೋದು ಅನ್ನೋದು ಅವರ ಕೊರಗು. ಆ ಭಾಷಣದ ವಿಡಿಯೋ ಈ ಸಾಲಲ್ಲಿ ಎಲ್ಲರೂ ಎಲ್ಲರಿಗೂ ಕಳಿಸಿದ್ರು. ಕೈ ಮುಗಿಯೋ ಚಿತ್ರ ಹಾಕಿ.

ನಾನು: ಇಲ್ಲಿ ಡಾಕ್ಟರುಗಳೂ ಬರ್ತಾರಂತಲ್ಲ?

ಕುರ್ಚಿ: ಒಬ್ಬರು ಮೂಳೆ ಡಾಕ್ಟರು ನನ್ನ ಖಾಯಂ ಗಿರಾಕಿ. ಅವರ ಫೋನ್ ಮಾತು ಕೇಳೇ ನಾನು ಇಷ್ಟು ಕಲಿತದ್ದು. ಬೆಳೀತಿರೋ ಫಾಸ್ಟ್ ಬೌಲರ್ ಹುಡುಗರಿಗೆ ಸೊಂಟದ ಹತ್ತಿರ ಬೆನ್ನುಮೂಳೇಲಿ ಕೂದಲೆಳೆ ಬಿರುಕು ಬಿಡ್ತದೆ, ಸ್ಟ್ರೆಸ್ ಫ್ರ್ಯಾಕ್ಚರ್ರು. ಅದಕ್ಕೇ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹದಿಮೂರರೊಳಗಿನವರಿಗೆ ಒಂದು ಸ್ಪೆಲ್ಲಿಗೆ 5 ಓವರು, ದಿನಕ್ಕೆ 10 ಅಂತ ಮಿತಿ ಇಟ್ಟಿದ್ದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು, ವಾರದಲ್ಲಿ ಒಂದೆರಡು ದಿನ ರಜ, ವರ್ಷದಲ್ಲಿ ಒಟ್ಟು ಮೂರು ತಿಂಗಳು ತನ್ನ ಆಟಕ್ಕೇ ರಜ. ಒಂದೇ ಆಟಕ್ಕೆ ಅಂಟಿಕೊಳ್ಳೋದನ್ನ ಹದಿನೈದು ಹದಿನಾರರ ತನಕ ಮುಂದೂಡಿ ಅಂತಲೂ. ಇದನ್ನೆಲ್ಲ ಯಾರದೋ ಮಗನ ಅಪ್ಪನಿಗೆ ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳ್ತಾರೆ. ಫೋನ್ ಇಡ್ತಾರೆ. ಮೈದಾನದ ಕಡೆ ತಿರುಗಿ, "ಚಿನ್ನೂ, ಇನ್ನೆರಡು ಓವರ್ ಹಾಕೋ, ಸೆಲೆಕ್ಟರ್ ಬಂದಿದಾರೆ!"

ನಾನು: ಬೇರೆ ದೇಶಗಳಲ್ಲೂ ಹೀಗೇನಾ?

ಕುರ್ಚಿ: ಕಾಯಿಲೆ ಎಲ್ಲ ಕಡೆ ಇದೆ, ಮದ್ದು ಕೆಲವು ಕಡೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ "ರೆಸ್ಪೆಕ್ಟ್" ಅಂತ ಆಂದೋಲನ ಶುರು ಮಾಡಿತು. ಮಕ್ಕಳ ಮ್ಯಾಚಿನಲ್ಲಿ ಅಪ್ಪ ಅಮ್ಮಂದಿರು ನಿಲ್ಲೋಕೆ ಅಡ್ಡ ಪಟ್ಟಿ ಕಟ್ಟಿದ್ರು. ಅದನ್ನ ನೋಡಿ ಇಲ್ಲೂ ಒಂದು ಹಗ್ಗ ಕಟ್ಟಿದ್ರು, ಅಗೋ, ಒದ್ದೆ ಟವೆಲ್ ಒಣಗ್ತಿವೆಯಲ್ಲ, ಅದೇ. ಓಸ್ಲೋದಲ್ಲಿ ಮೂರು ವರ್ಷ ಇದ್ದು ಬಂದವರೊಬ್ಬರು ನಾರ್ವೆ ಕತೆ ಹೇಳ್ತಿದ್ರು. ಅಲ್ಲಿ 1987ರಿಂದಲೇ ಮಕ್ಕಳ ಆಟಕ್ಕೆ ಬೇರೆ ಕಾಯಿದೆ. ಈಗಿನ ನಿಯಮದಲ್ಲಿ, ಹನ್ನೊಂದು ತುಂಬೋ ವರ್ಷದ ತನಕ ರ‍್ಯಾಂಕು, ಪಾಯಿಂಟ್ಸ್ ಟೇಬಲ್ಲು ಏನೂ ಇಲ್ಲ. ಹದಿಮೂರರ ತನಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಈ ಸಾಲು ಪೂರ್ತಿ ಬಾಯಿ ಬಿಟ್ಟು ಕೇಳಿತು. ಒಬ್ಬರು, "ಹಾಗಾದ್ರೆ ಪ್ರೈಜು ಯಾರಿಗೆ ಕೊಡ್ತಾರೆ?" ಅಂದ್ರು.

ನಾನು: ಹಾಗೆ ಮುದ್ದು ಮಾಡಿದರೆ ದೊಡ್ಡವರಾದ ಮೇಲೆ ಗೆಲ್ಲೋದು ಹೇಗೆ?

ಕುರ್ಚಿ: ಅದನ್ನೂ ಕೇಳಿದ್ರು. ನಾರ್ವೆಯ ಜನಸಂಖ್ಯೆ ಬೆಂಗಳೂರಿನ ಅರ್ಧಕ್ಕಿಂತ ಕಮ್ಮಿ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಲ್ಲಿ 16 ಚಿನ್ನ, ಎಲ್ಲ ದೇಶಕ್ಕಿಂತ ಮುಂದೆ. ಐದು ನಿಮಿಷ ಮೌನ. ಆಮೇಲೆ ಒಬ್ಬರು, "ಅವರಿಗೆ ಹಿಮ ಇದೆ ಬಿಡಿ ಸಾರ್" ಅಂದ್ರು. ಎಲ್ಲರಿಗೂ ಸಮಾಧಾನ ಆಯ್ತು.

ನಾನು: ಬೆನ್ನಿಗೆ ಒರಗಿದವರು ಕೆಲವರಿದ್ದರು ಅಂದಿರಿ.

ಕುರ್ಚಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಒಬ್ಬರು ತಾತ. ಹಾಸನದ ಕಡೆಯವರು, ಮೊಮ್ಮಗನ್ನ ಕರ್ಕೊಂಡು ಬರೋರು. ಬಂದು ಪೂರ್ತಿ ಒರಗಿ, ಚಪ್ಪಲಿ ಬಿಟ್ಟು, ಪೇಪರ್ ಮುಖಕ್ಕೆ ಹಾಕ್ಕೊಂಡು ನಿದ್ದೆ. ಮ್ಯಾಚ್ ಮುಗಿದ ಮೇಲೆ ಹುಡುಗ ಓಡಿ ಬರೋನು. "ತಾತ, ನೋಡಿದ್ಯಾ?" "ಇಲ್ಲ ಕಣೋ, ಜೋಂಪು ಹತ್ತಿಬಿಡ್ತು. ಹೆಂಗಿತ್ತು?" ಅಷ್ಟೇ ಸಾಕು, ಹುಡುಗ ಬೇಲಿ ದಾಟೋ ತನಕ ಹೇಳಿದ್ದೇ ಹೇಳಿದ್ದು, ತಾನು ಬಿಟ್ಟ ಕ್ಯಾಚೂ ಸೇರಿಸಿ. ಆಮೇಲೆ ಇಬ್ಬರೂ ದರ್ಶಿನೀಗೆ ಹೋಗಿ ಚೌಚೌ ಬಾತ್ ತಿನ್ನೋರು. ಉಳಿದ ಹುಡುಗರು ಅಪ್ಪನ ಮುಂದೆ ಬಂದು ಶೂ ಲೇಸು ನೋಡ್ತಾ ನಿಲ್ತಾರೆ, ಯಾಕೆಂದ್ರೆ ಹೇಳೋಕೆ ಏನೂ ಉಳಿದಿರಲ್ಲ, ಅಪ್ಪ ಎಲ್ಲ ನೋಡಿರ್ತಾನೆ.

ನಾನು: ಆ ಹುಡುಗ ಈಗ ಸ್ಟೇಟ್ ಆಡ್ತಾನಾ?

ಕುರ್ಚಿ: ನೋಡಿದ್ರಾ? ಕೇಳೇಬಿಟ್ರಿ.

ನಾನು: ಕ್ಷಮಿಸಿ. ಕೊನೆಯದಾಗಿ, ಮ್ಯಾಚ್ ಮುಗಿದು ಮನೆಗೆ ಹೋಗುವಾಗ ಏನು ಮಾತಾಗುತ್ತೆ?

ಕುರ್ಚಿ: ಅದು ನನ್ನ ವ್ಯಾಪ್ತಿಗೆ ಬರಲ್ಲ. ಕಾರಿನ ಹಿಂದಿನ ಸೀಟನ್ನ ಕೇಳಿ, ನಮ್ಮ ಚಿಕ್ಕಪ್ಪನ ಮಗಳು. ಅವಳು ಬಾಯಿ ಬಿಡೋದು ಕಷ್ಟ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಲವತ್ತು ನಿಮಿಷ ನಿಂತಾಗ ಏನೇನು ಕೇಳಿಸಿಕೊಂಡಿದಾಳೋ. ಅದಿರಲಿ, ಪೆನ್ನು ಜೇಬಿಗಿಡಿ. ನಿಮ್ಮ ಮಗಳು ಪ್ಯಾಡ್ ಕಟ್ಕೊಂಡು ಬರ್ತಿದಾಳೆ.

ನಾನು: ನನ್ನ ಮಗಳು ಅಂತ ನಿಮಗೆ ಹೇಗೆ ಗೊತ್ತು?

ಕುರ್ಚಿ: ಹತ್ತು ನಿಮಿಷದಿಂದ ನಿಮ್ಮ ಭಾರ ತುದಿಗೆ ಜಾರ್ತಾ ಇದೆ ಸ್ವಾಮಿ.

ಪೆನ್ನು ಜೇಬಿಗಿಟ್ಟೆ. ಹಿಂದಕ್ಕೆ ಸರಿದು ಪೂರ್ತಿ ಒರಗಿದೆ. ಹಾಯಾಗಿತ್ತು, ನಿಜ ಹೇಳಬೇಕೆಂದರೆ. ಹೊಂಗೆ ಹೂವು ಉದುರುತ್ತಿದ್ದದ್ದು ಆಗಲೇ ಕಣ್ಣಿಗೆ ಬಿದ್ದದ್ದು. ಮೊದಲ ಬಾಲು ಬಿಟ್ಟಳು. ಎರಡನೆಯದು ಪ್ಯಾಡಿಗೆ ಬಡಿಯಿತು, ಅಂಪೈರು ಅಲ್ಲಾಡಲಿಲ್ಲ. ಮೂರನೆಯದಕ್ಕೆ ಲೆಗ್ ಸೈಡಿಗೆ ತಳ್ಳಿ ಓಡಿದಳು, ಆ ಕಡೆಯವಳು ಓಡಲಿಲ್ಲ.

ನನ್ನ ಹಿಂದೆ ಏನೋ ಬಿದ್ದ ಸದ್ದಾಯಿತು. ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ಕಾಲು ಕೆ.ಜಿ. ಬೈಂಡಿಂಗ್ ವೈರ್ ತಂದು ಕ್ಯಾಂಪಿಗೆ ಕೊಟ್ಟೆ. ಕುರ್ಚಿ ಮಾತಾಡಲಿಲ್ಲ.