ಟವಲ್ ಹಾಕಿದವನಿಗೇ ಸೀಟು

ಸ್ಕಾಲಾದಲ್ಲಿ ಪ್ರೋಗ್ರಾಮ್ ಬರೆಯುವವರನ್ನು ಕಂಡರೆ ಜಾವಾದವರಿಗೆ ಸ್ವಲ್ಪ ಅಸೂಯೆ, ಸ್ವಲ್ಪ ಕನಿಕರ. ತಾವು ಹತ್ತು ಸಾಲಿನಲ್ಲಿ ಹೇಳುವುದನ್ನು ಇವರು ಒಂದೂವರೆ ಸಾಲಿನಲ್ಲಿ ಮುಗಿಸುತ್ತಾರಲ್ಲ ಎಂದು ಅಸೂಯೆ. ಹಾಗೆ ಉಳಿಸಿದ ಹೊತ್ತನ್ನೆಲ್ಲ ಬಿಲ್ಡ್ ಫೈಲಿನ ಮುಂದೆ ಕೂತು ಕಳೆಯುತ್ತಾರಲ್ಲ ಎಂದು ಕನಿಕರ. ಎರಡೂ ನ್ಯಾಯವೇ. ನಾವು ದಿನವಿಡೀ ಕೀಬೋರ್ಡ್ ಕುಟ್ಟಿ ಹೊಸದೇನನ್ನೋ ಕಟ್ಟುತ್ತಿರುತ್ತೇವೆ ಎಂದು ಮನೆಯವರು ನಂಬಿದ್ದಾರೆ. ನಂಬಿಕೊಂಡಿರಲಿ. ನಿಜವಾಗಿ ದಿನದ ಒಂದು ದೊಡ್ಡ ಪಾಲು ಹೋಗುವುದು, ಯಾರ್ಯಾರೋ ಬರೆದಿಟ್ಟದ್ದನ್ನು ತಂದು, ಅವು ಪರಸ್ಪರ ಕಾಲು ತುಳಿಯದ ಹಾಗೆ ನೋಡಿಕೊಳ್ಳುವುದರಲ್ಲಿ.

ತರದೆ ವಿಧಿಯಿಲ್ಲ. ಜೇಸನ್ ಓದಬೇಕಾದರೆ ಯಾರೂ ಓಂ ನಾಮದಿಂದ ಶುರು ಮಾಡುವುದಿಲ್ಲ, ಜ್ಯಾಕ್ಸನ್ ಎಂಬ ಲೈಬ್ರರಿಯನ್ನು ಕರೆಯುತ್ತಾರೆ. ಕರೆಯುವುದಕ್ಕೆ ಬಿಲ್ಡ್ ಫೈಲಿನಲ್ಲಿ ಒಂದೇ ಒಂದು ಸಾಲು ಸಾಕು. ಆದರೆ ಇಳಿಯುವುದು ಒಂದಲ್ಲ. ಡೇಟಾಬೈಂಡ್ ಬಂದರೆ ಅದರ ಬೆನ್ನಿಗೆ ಕೋರ್, ಅನೋಟೇಷನ್ಸ್ ಬರುತ್ತವೆ. ಇನ್ನೊಂದು ಲೈಬ್ರರಿ ತನ್ನದೇ ಹಳೆಯ ಜ್ಯಾಕ್ಸನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತದೆ. ಸ್ಕಾಲಾದವರ ಬಿಲ್ಡ್ ಸಾಧನವಾದ ಎಸ್‌ಬಿಟಿಗೆ 'ಡಿಪೆಂಡೆನ್ಸಿ ಟ್ರೀ' ಎಂದು ಹೇಳಿ ನೋಡಿ. ನೀವು ಬರೆದದ್ದು ಬೆರಳೆಣಿಕೆಯ ಸಾಲು, ಪರದೆಯ ಮೇಲೆ ಹರಿಯುವುದು ಪುಟಗಟ್ಟಲೆ. ಅದರಲ್ಲಿ ಅರ್ಧದಷ್ಟರ ಹೆಸರನ್ನೂ ನೀವು ಕೇಳಿರುವುದಿಲ್ಲ.

ಸ್ಕಾಲಾದವರಿಗೆ ಇದರ ಮೇಲೆ ಇನ್ನೊಂದು ಸುತ್ತು ಇದೆ, ಅದು ಶೇಕಡಾ ಚಿಹ್ನೆಯದು. ಜಾವಾ ಲೈಬ್ರರಿಯಾದರೆ ಬಿಲ್ಡ್ ಫೈಲಿನಲ್ಲಿ ಸಂಸ್ಥೆಯ ಹೆಸರಿಗೂ ಲೈಬ್ರರಿಯ ಹೆಸರಿಗೂ ನಡುವೆ ಒಂದು %, ಸ್ಕಾಲಾ ಲೈಬ್ರರಿಯಾದರೆ ಎರಡು, %%. ಹೊಸಬರು ಎರಡನೆಯದನ್ನು ಬೆರಳು ಜಾರಿ ಬಿದ್ದದ್ದೆಂದು ತಿಳಿದು ಒಳ್ಳೆಯ ಮನಸ್ಸಿನಿಂದ ಅಳಿಸುತ್ತಾರೆ. ಆಮೇಲೆ 'ಅಂಥ ಲೈಬ್ರರಿಯೇ ಸಿಗಲಿಲ್ಲ' ಎಂಬ ಉತ್ತರ ಬರುತ್ತದೆ. ಆ ಎರಡನೆಯ ಚಿಹ್ನೆಯ ಕೆಲಸ, ಲೈಬ್ರರಿಯ ಹೆಸರಿಗೆ ಅಂಡರ್‌ಸ್ಕೋರ್ ಹಾಕಿ 2.12 ಎಂದೋ 2.13 ಎಂದೋ ಬಾಲ ಅಂಟಿಸುವುದು. ಸ್ಕಾಲಾ 2.12ರಲ್ಲಿ ಕಂಪೈಲ್ ಆದದ್ದು 2.13ರ ಜೊತೆ ಬಾಳುವುದಿಲ್ಲ. ಹಾಗಾಗಿ ಲೈಬ್ರರಿ ಬರೆದವರು ಪ್ರತಿಯೊಂದಕ್ಕೂ ಬೇರೆ ಬೇರೆ ಜಾರ್ ಮಾಡಿ ಇಡಬೇಕು. ನಾವು ಬಾಲ ನೋಡಿ ಆರಿಸಬೇಕು.

ಬಾಳುವುದಿಲ್ಲ ಏಕೆ ಎಂದರೆ, ಭಾಷೆ ಹುಟ್ಟಿದ ಮನೆ ಅಂಥದ್ದು. ಸ್ವಿಟ್ಜರ್ಲೆಂಡಿನ ಲೋಜಾನ್ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಒಡೆರ್ಸ್ಕಿ 2001ರಲ್ಲಿ ಇದರ ವಿನ್ಯಾಸ ಶುರು ಮಾಡಿದರು. ಮೇಷ್ಟರ ಕೈಯಲ್ಲಿ ಬೆಳೆದ ಭಾಷೆಗೆ ತಪ್ಪು ಕಂಡರೆ ತಿದ್ದದೆ ಇರಲು ಆಗುವುದಿಲ್ಲ. 2016ರಲ್ಲಿ ಬಂದ 2.12, ಜಾವಾ 8 ಕೊಟ್ಟ ಹೊಸ ಸೌಲಭ್ಯ ಬಳಸಿಕೊಂಡು ಟ್ರೇಟ್‌ಗಳನ್ನು ಕಂಪೈಲ್ ಮಾಡುವ ರೀತಿಯನ್ನೇ ಬದಲಿಸಿತು. 2019ರ 2.13 ಕಲೆಕ್ಷನ್‌ಗಳ ಲೈಬ್ರರಿಯನ್ನು ಬಿಚ್ಚಿ ಮತ್ತೆ ಹೊಲಿಯಿತು. ಎರಡೂ ಒಳ್ಳೆಯ ಕೆಲಸಗಳೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಳ್ಳೆಯ ಕೆಲಸದ ಬಿಲ್ಲು ಬೇರೆ ಯಾರದೋ ಮನೆಗೆ ಹೋಗುತ್ತದೆ. 'ಪ್ರಾಡಕ್ಟ್ ಡಾಲರ್ ಕ್ಲಾಸ್ ಸಿಗಲಿಲ್ಲ' ಎಂಬ ದೂರು ಕಂಡ ಕೂಡಲೇ ಹಳಬರು ಕಾಫಿ ಲೋಟ ಕೆಳಗಿಡದೆಯೇ ಹೇಳುತ್ತಾರೆ, "2.11ರದ್ದು ಯಾವುದೋ ಒಳಗೆ ಸೇರ್ಕೊಂಡಿದೆ, ಹುಡುಕಿ." ಟ್ರೇಟ್‌ಗೆ ಅಂಥ ಡಾಲರ್ ಬಾಲದ ಜೊತೆಗಾರ ಇರುತ್ತಿದ್ದದ್ದು 2.11ರ ಕಾಲಕ್ಕೆ ಕೊನೆ. ಪ್ರಾಡಕ್ಟ್ ಎಂಬ ಪದ ಕಂಡು ಪ್ರಾಡಕ್ಟ್ ಟೀಮಿನವರಿಗೆ ಮೇಲ್ ಹಾಕಿದವರೂ ಇದ್ದಾರೆ. ಅದು ಬೇರೆ ಕಥೆ.

ಒಂದೇ ಲೈಬ್ರರಿಯ ಎರಡು ವರ್ಷನ್‌ಗಳು ಪಟ್ಟಿಗೆ ಬಂದರೆ ಯಾರಾದರೂ ತೀರ್ಪು ಕೊಡಬೇಕಲ್ಲ. ಮೇವನ್‌ನ ನ್ಯಾಯ ಒಂದು ರೀತಿ: ಮರದಲ್ಲಿ ನಿಮಗೆ ಯಾವುದು ಹತ್ತಿರವೋ ಅದಕ್ಕೆ ಗೆಲುವು, ಅದು ಹಳೆಯದಾದರೂ ಸರಿಯೇ. ಎಸ್‌ಬಿಟಿಯ ನ್ಯಾಯ ಇನ್ನೊಂದು ರೀತಿ: ಯಾವುದು ಹೊಸದೋ ಅದಕ್ಕೆ. ಸೋತದ್ದನ್ನು ಸದ್ದಿಲ್ಲದೆ ಹೊರಗೆ ಹಾಕುತ್ತದೆ. ಹೀಗಾಗಿ ಅದೇ ಲೈಬ್ರರಿಗಳನ್ನು ಅದೇ ಕ್ರಮದಲ್ಲಿ ಇಬ್ಬರಿಗೂ ಕೊಟ್ಟರೆ ಎರಡು ಬೇರೆ ಬೇರೆ ಪ್ರೋಗ್ರಾಮ್‌ಗಳು ಹುಟ್ಟಬಹುದು. ನನಗೆ ಎಸ್‌ಬಿಟಿಯ ಪಕ್ಷವೇ ಹಿತ. ಹೊಸದರಲ್ಲಿ ಹಳೆಯದೆಲ್ಲ ಇದ್ದೀತು ಎಂಬುದು ಒಂದು ಆಸೆಯಾದರೂ ಹೌದು. ಹತ್ತಿರದವನೇ ಸರಿ ಎಂಬುದಕ್ಕೆ ಆ ಆಧಾರವೂ ಇಲ್ಲ.

ಈ ತೀರ್ಪುಗಳೆಲ್ಲ ಬಿಲ್ಡ್ ಮಾಡುವ ಹೊತ್ತಿನವು. ಓಡಿಸುವ ಜಾಗದಲ್ಲಿ ಬೇರೆ ಕಾನೂನು. ನಮ್ಮ ತಂಡದ ಹುಡುಗನೊಬ್ಬ ಒಂದು ಸಂಜೆ ಬಂದು ನಿಂತ.

"ಸರ್, ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆ. ಕ್ಲಸ್ಟರಲ್ಲಿ ಮಾತ್ರ ಬಿದ್ದೋಗ್ತಿದೆ."

"ಏನಂತೆ?"

"ಗ್ವಾವಾದಲ್ಲಿ ಚೆಕ್ ಆರ್ಗ್ಯುಮೆಂಟ್ ಅನ್ನೋ ಮೆಥಡ್ಡೇ ಇಲ್ವಂತೆ. ಇದೆ ಸರ್, ನಾನೇ ಕಣ್ಣಾರೆ ನೋಡ್ದೆ."

ಹುಡುಗ ಸುಳ್ಳು ಹೇಳುವವನಲ್ಲ. ಗೂಗಲ್‌ನ ಗ್ವಾವಾ ಲೈಬ್ರರಿಯಲ್ಲಿ ಆ ಹೆಸರಿನ ಮೆಥಡ್ ಮೊದಲಿನಿಂದಲೂ ಇದೆ. ಒಂದು ಷರತ್ತು, ಒಂದು ಸಂದೇಶ, ಆ ಸಂದೇಶದಲ್ಲಿ ತುಂಬಿಸಲು ಎಷ್ಟು ಬೇಕಾದರೂ ಮೌಲ್ಯಗಳು: ಇಷ್ಟನ್ನು ಅದು ತೆಗೆದುಕೊಳ್ಳುತ್ತಿತ್ತು. ಗ್ವಾವಾ 20ರಲ್ಲಿ ಇದಕ್ಕೆ ತಮ್ಮಂದಿರು ಹುಟ್ಟಿದರು. ಒಂದೇ ಮೌಲ್ಯ ಇದ್ದರೆ ಅದಕ್ಕೆಂದೇ ಒಂದು, ಎರಡಿದ್ದರೆ ಇನ್ನೊಂದು, ಹೀಗೆ; ವೇಗಕ್ಕಾಗಿ. ಕರೆಯುವ ಸಾಲಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಆದರೆ ಹೊಸ ಗ್ವಾವಾ ಇಟ್ಟುಕೊಂಡು ಕಂಪೈಲ್ ಮಾಡಿದರೆ ಕಂಪೈಲರ್ ಸದ್ದಿಲ್ಲದೆ ತಮ್ಮನ ವಿಳಾಸ ಬರೆದಿಡುತ್ತದೆ. ಹುಡುಗ ತಂದ ಲೈಬ್ರರಿಯೊಂದು ಹೀಗೆ ಕಂಪೈಲ್ ಆದದ್ದು. ಅವನ ಲ್ಯಾಪ್‌ಟಾಪಿನಲ್ಲಿ ಎಸ್‌ಬಿಟಿ ತೀರ್ಪು ಕೊಟ್ಟು ಹೊಸ ಗ್ವಾವಾವನ್ನೇ ಉಳಿಸಿಕೊಂಡಿತ್ತು. ಕ್ಲಸ್ಟರಿನಲ್ಲಿದ್ದದ್ದು ಅಪಾಚೆ ಸ್ಪಾರ್ಕ್ 3.5. 2023ರಲ್ಲಿ ಬಿಡುಗಡೆಯಾದ ಆ ಸ್ಪಾರ್ಕ್ ತನ್ನ ಜಾರ್‌ಗಳ ಫೋಲ್ಡರಿನಲ್ಲಿ ಇಟ್ಟುಕೊಂಡಿರುವುದು ಗ್ವಾವಾ 14.0.1, ಅಂದರೆ 2013ರದ್ದು. ಅಲ್ಲಿ ಅಣ್ಣ ಇದ್ದಾನೆ, ತಮ್ಮ ಇನ್ನೂ ಹುಟ್ಟಿಲ್ಲ.

"ನಮ್ಮ ಜಾರ್ ಒಳಗೇ ಹೊಸ ಗ್ವಾವಾ ಹಾಕಿ ಕಳ್ಸಿದೀನಲ್ಲ ಸರ್?"

ಕಳಿಸಿದ್ದೇನೋ ನಿಜ. ಆದರೆ ನಮ್ಮ ಕೆಂಪು ಬಸ್ಸಿನ ನಿಯಮ ಅವನಿಗೂ ಗೊತ್ತಿರಬೇಕು, ತುಮಕೂರಿನಿಂದ ಓಡಾಡಿದವನು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಒಳಗೆ ಬಿದ್ದರೆ ಸೀಟು ಅವನದು. ಹತ್ತಿ ಬಂದವನು ಎಷ್ಟು ದೊಡ್ಡವನಾದರೂ ಮರ್ಯಾದೆ ಟವಲಿಗೆ. ಜೆವಿಎಂ ಕೂಡ ಇದೇ ಸಂಪ್ರದಾಯದ್ದು. ಒಂದು ಹೆಸರಿನ ಕ್ಲಾಸಿಗೆ ಒಂದೇ ಸೀಟು, ಕ್ಲಾಸ್‌ಪಾತ್‌ನಲ್ಲಿ ಯಾರ ಜಾರ್ ಮೊದಲು ಸಿಕ್ಕಿತೋ ಅದರದು. ಸ್ಪಾರ್ಕ್ ಡಿಪೋದಿಂದ ಹೊರಡುವಾಗಲೇ ತನ್ನವರ ಟವಲ್‌ಗಳನ್ನೆಲ್ಲ ಹಾಸಿಕೊಂಡು ಬಂದಿರುತ್ತದೆ. ನಮ್ಮ ಜಾರ್ ಹತ್ತುವುದು ಮೆಜೆಸ್ಟಿಕ್‌ನಲ್ಲಿ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂರುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ. ನಮ್ಮವರನ್ನೇ ಮೊದಲು ಕೂರಿಸಿ ಎಂದು ಕೇಳಿಕೊಳ್ಳುವ ಸೆಟ್ಟಿಂಗ್ ಒಂದನ್ನು ಸ್ಪಾರ್ಕ್ ಇಟ್ಟಿದೆ. ಪ್ರಾಯೋಗಿಕ ಎಂದು ಅವರೇ ಬರೆದಿದ್ದಾರೆ. ಬಳಸಿದರೆ ಏಕೆ ಹಾಗೆ ಬರೆದರೆಂದು ಬೇಗ ತಿಳಿಯುತ್ತದೆ.

ಉಳಿಯುವ ದಾರಿ ವೇಷ ಮರೆಸುವುದು. ಎಸ್‌ಬಿಟಿ ಅಸೆಂಬ್ಲಿಯಲ್ಲಿ ಶೇಡಿಂಗ್ ಎಂಬ ಉಪಾಯವಿದೆ. ನಮ್ಮ ದೊಡ್ಡ ಜಾರ್ ಕಟ್ಟುವಾಗಲೇ ಗ್ವಾವಾದ ಪ್ಯಾಕೇಜಿನ ಹೆಸರನ್ನು ಬೇರೆ ಮಾಡಿ, ಅದನ್ನು ಕರೆಯುವ ಕಡೆಗಳಲ್ಲೂ ಹೊಸ ಹೆಸರನ್ನೇ ತುಂಬುತ್ತದೆ. ಆ ಹೆಸರಿಗೆ ಯಾರೂ ಟವಲ್ ಹಾಕಿರುವುದಿಲ್ಲ. ಹಳೆಯ ಗ್ವಾವಾ ತನ್ನ ಸೀಟಿನಲ್ಲಿ, ಹೊಸದು ಅದರ ಹಿಂದಿನ ಸೀಟಿನಲ್ಲಿ, ಪರಿಚಯವೇ ಇಲ್ಲದವರ ಹಾಗೆ ಕೂತು ಊರು ಸೇರುತ್ತವೆ. ಹುಡುಗನ ಕೆಲಸ ಅಂದು ರಾತ್ರಿ ಓಡಿತು. ಜಾರ್ ಮಾತ್ರ ಇನ್ನಷ್ಟು ದಪ್ಪವಾಯಿತು. ಆ ಬಗ್ಗೆ ಯಾರೂ ಮಾತೆತ್ತುವುದಿಲ್ಲ.

ಇಷ್ಟರಲ್ಲಿ ಯಾರನ್ನು ಬೈಯುವುದು? ಗ್ವಾವಾದವರು ವೇಗ ಹೆಚ್ಚಿಸಿದರು. ಸ್ಪಾರ್ಕ್‌ನವರು ಹಳೆಯ ಹಡೂಪ್ ಬಳಗ ಕೆಡದಿರಲೆಂದು ಹಳೆಯದನ್ನು ಹಿಡಿದುಕೊಂಡರು. ಲೈಬ್ರರಿಯವರು ತಮ್ಮ ಕಾಲದ ಗ್ವಾವಾ ಬಳಸಿದರು. ಎಲ್ಲರೂ ಸರಿ. ನನ್ನ ತಕರಾರೇನಿದ್ದರೂ ದೂರಿನ ಭಾಷೆಯ ಮೇಲೆ. 'ಈ ಮೆಥಡ್ ಇಲ್ಲ' ಎನ್ನುತ್ತದೆಯೇ ಹೊರತು ಯಾವ ಜಾರ್‌ನಲ್ಲಿ ಹುಡುಕಿದೆ, ಅದು ಯಾವ ವರ್ಷನ್ ಎಂದು ಬಾಯಿಬಿಡುವುದಿಲ್ಲ. ಈ ವಿಷಯದಲ್ಲಿ ಜ್ಯಾಕ್ಸನ್ನಿನ ಸ್ಕಾಲಾ ಮಾಡ್ಯೂಲ್ ಬರೆದವರಿಗೆ ನಾನು ದೊಡ್ಡ ನಮಸ್ಕಾರ ಹೇಳುತ್ತೇನೆ. ಜೊತೆಗಾರ ಡೇಟಾಬೈಂಡ್ ಹೊಂದದಿದ್ದರೆ ಅದು ಆರಂಭದಲ್ಲೇ ನಿಂತು, 'ನಾನು 2.10.0, ನನಗೆ 2.10ರ ಡೇಟಾಬೈಂಡ್ ಬೇಕು, 2.11 ಆಗದು' ಎಂದು ಲೆಕ್ಕ ಒಪ್ಪಿಸುತ್ತದೆ. ಅಷ್ಟು ಬಿಡಿಸಿ ಹೇಳಿದರೂ ಜನ ಅದರ ಮೇಲೆ ಸಿಟ್ಟಾಗುವುದನ್ನು ಕಂಡಿದ್ದೇನೆ.

ಮೊದಲೇ ಎಚ್ಚರಿಸುವವರ ಪಾಡೇ ಅಷ್ಟು. 2021ರ ಎಸ್‌ಬಿಟಿ 1.5, ಹೊಂದದ ವರ್ಷನ್‌ಗಳ ನಡುವೆ ತಾನು ತೀರ್ಪು ಕೊಡಬೇಕಾಗಿ ಬಂದರೆ ಎಚ್ಚರಿಕೆಯ ಬದಲು ಬಿಲ್ಡನ್ನೇ ನಿಲ್ಲಿಸತೊಡಗಿತು. ಸರಿಯಾದ ಕ್ರಮವೇ. ಮರುವರ್ಷ ಸ್ಕಾಲಾ 2.12.17 ತನ್ನ ಎಕ್ಸ್‌ಎಂಎಲ್ ಲೈಬ್ರರಿಯನ್ನು 2ನೇ ಸರಣಿಗೆ ಏರಿಸಿಕೊಂಡಿತು, ಎಷ್ಟೋ ಪ್ಲಗಿನ್‌ಗಳು 1ರಲ್ಲೇ ಇದ್ದವು. ಎಕ್ಸ್‌ಎಂಎಲ್‌ನ ಸುದ್ದಿಗೇ ಹೋಗದವರ ಬಿಲ್ಡ್‌ಗಳೂ ಎಕ್ಸ್‌ಎಂಎಲ್‌ನಿಂದಾಗಿ ನಿಂತುಹೋದವು. 'ಈ ಲೈಬ್ರರಿಯ ಯಾವ ವರ್ಷನ್ನಿಗೂ ಯಾವುದು ಬೇಕಾದರೂ ಹೊಂದುತ್ತದೆ' ಎಂದು ಮುಚ್ಚಳಿಕೆ ಬರೆದುಕೊಡುವ ಸಾಲೊಂದಿದೆ. ಎಲ್ಲರೂ ಅದನ್ನು ಅಂಟಿಸಿ ಮುಂದೆ ಹೋದರು. ಎಕ್ಸ್‌ಎಂಎಲ್ ಮಟ್ಟಿಗೆ ಅದರಿಂದ ದೊಡ್ಡ ಅನಾಹುತವೇನೂ ಆಗಲಿಲ್ಲ. ರುಚಿ ಹತ್ತಿದ್ದೇ ಕಷ್ಟ. ಈಗ ಬಿಲ್ಡ್ ಎಲ್ಲಿ ತಡೆದರೂ ಮೊದಲು ಆ ಸಾಲು ಬೀಳುತ್ತದೆ, ಓದುವುದು ಆಮೇಲೆ.

ಸ್ಕಾಲಾದವರು ಪಾಠ ಕಲಿಯಲಿಲ್ಲ ಎನ್ನುವಂತಿಲ್ಲ. 2021ರ ಸ್ಕಾಲಾ 3 ಹೊಸ ಭಾಷೆಯೇ ಆದರೂ 2.13ರ ಲೈಬ್ರರಿಗಳನ್ನು ಹಾಗೇ ಬಳಸಬಲ್ಲದು. ಒಂದೇ ಲೈಬ್ರರಿಯ ಎರಡೂ ಬಾಲದ ಜಾರ್‌ಗಳು ಒಟ್ಟಿಗೆ ಬಂದರೆ ಮಾತ್ರ ಎಸ್‌ಬಿಟಿ ಒಪ್ಪುವುದಿಲ್ಲ.

ನಮ್ಮ ಪಾಲಿಗೆ ಈಗ ಬಂದಿರುವುದು ಸ್ಪಾರ್ಕ್ 4. 2025ರಲ್ಲಿ ಬಂದ ಅದು 2.12ನ್ನು ಕೈಬಿಟ್ಟಿದೆ, 2.13 ಮಾತ್ರ. ಮ್ಯಾನೇಜರ್ ಟಿಕೆಟ್ ತೆರೆದರು. "ಹನ್ನೆರಡನ್ನ ಹದಿಮೂರು ಮಾಡೋದು ತಾನೇ, ಅರ್ಧ ದಿನ ಹಾಕ್ಲಾ?" ಎಂದರು. ಮರವನ್ನು ಒಂದೊಂದೇ ಕೊಂಬೆ ನೋಡುತ್ತಾ ಬಂದೆವು. ಹೊರಗಿನ ಲೈಬ್ರರಿಗಳಿಗೆಲ್ಲ 2.13ರ ಜಾರ್ ಸಿಕ್ಕಿತು. ಸಿಗದೆ ಉಳಿದದ್ದು ನಮ್ಮದೇ ಆಫೀಸಿನದೊಂದು, ಬಾಲದಲ್ಲಿ 2.12 ಹೊತ್ತದ್ದು. ಜಾರ್ ಇದೆ, ಸೋರ್ಸ್ ಇಲ್ಲ, ಬರೆದವರು ಕೆಲಸ ಬಿಟ್ಟು ಯಾವ ಕಾಲವಾಯಿತೋ. ಹೇಗೋ ನಂಬರ್ ಹುಡುಕಿ ಹುಡುಗನೇ ಫೋನ್ ಮಾಡಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯೋ, ಅದನ್ನ ಇನ್ನೂ ಓಡಿಸ್ತಿದೀರಾ?"