ಸೆಕ್ಟರಿನ ಪತ್ತೇದಾರಣ್ಣ

ದೆವ್ವವನ್ನು ನಂಬುವವರಿಂದ ದೆವ್ವಕ್ಕೆ ಏನೂ ಲಾಭವಿಲ್ಲ. ಅವರು ಹೊಸ್ತಿಲಿಗೆ ನಿಂಬೆಹಣ್ಣು ಕಟ್ಟಿ, ಮುಸುಕೆಳೆದು ಮಲಗಿಬಿಡುತ್ತಾರೆ. ದೆವ್ವಗಳ ಹೆಸರನ್ನು ಇಷ್ಟು ಕಾಲ ಉಳಿಸಿಕೊಂಡು ಬಂದವರು ಬೇರೆ. "ನಾನಂತೂ ಇದನ್ನೆಲ್ಲ ನಂಬುವವನಲ್ಲ ಮಾರಾಯ್ರೆ, ಆದರೆ..." ಎಂದು ಶುರುಮಾಡುವವರು. ಆ 'ಆದರೆ' ಮುಗಿಯಲು ಮುಕ್ಕಾಲು ಗಂಟೆ ಬೇಕು. ಮುಂಬಯಿಯ ಯಾವ ಕಾಲನಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಆಂಟಾಪ್ ಹಿಲ್ಲಿನಲ್ಲಿ ನಮ್ಮ ಪಾಲಿಗೆ ಬಂದವರು ಪತ್ತೇದಾರಣ್ಣ.

ಉಡುಪಿ ಕಡೆಯವರು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಸಿ.ಜಿ.ಎಸ್. ಕಾಲನಿಯ ಒಂದು ಸೆಕ್ಟರಿನಲ್ಲಿ ಕ್ವಾರ್ಟರ್ಸು. ಹುಡುಗರಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದಿದ್ದರಂತೆ. ನರಸಿಂಹಯ್ಯನವರು ಬರೆದದ್ದು ಐನೂರಕ್ಕೂ ಮಿಕ್ಕಿ. ಅಷ್ಟನ್ನೂ ಮುಗಿಸಿದ್ದೇನೆ ಎಂಬ ಹೇಳಿಕೆಯನ್ನು ಪ್ರಶ್ನಿಸುವ ಧೈರ್ಯ ನಮಗಿಲ್ಲ, ಯಾಕೆಂದರೆ ಒಂದೊಂದರ ಕಥೆಯನ್ನೂ ಹೇಳತೊಡಗುತ್ತಾರೆ. ಆ ಕಾದಂಬರಿಗಳ ಪತ್ತೇದಾರ ಪುರುಷೋತ್ತಮನ ಕೈಯಲ್ಲಿ ಪಿಸ್ತೂಲಿತ್ತು. ಇವರದು ಮೂರು ಸೆಲ್ಲಿನ ಟಾರ್ಚು, ತಲೆಗೆ ಮಂಕಿ ಕ್ಯಾಪು.

ದೈವದ ಮಾತು ಬಂದರೆ ಮಾತ್ರ ಆ ಕ್ಯಾಪು ತೆಗೆದು ಕೈಮುಗಿಯುತ್ತಾರೆ. ಪಂಜುರ್ಲಿ, ಗುಳಿಗದಂಥ ದೈವಗಳು ಅಣ್ಣನ ತನಿಖೆಯ ವ್ಯಾಪ್ತಿಗೆ ಬರುವುದಿಲ್ಲ. ಹೆದರಿದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರಿಗೆ ಶೇಖ್ ಮಿಸ್ರಿ ದರ್ಗಾದ ದಾರಿ ತೋರಿಸುತ್ತಾರೆ. ಅದು ಬೇರೆ ಡಿಪಾರ್ಟ್‌ಮೆಂಟು. ಇವರಿಗೆ ಸೇರಿದ್ದು ಕುಲೆಗಳು, ಅಂದರೆ ಸತ್ತವರ ಪ್ರೇತಗಳು ಮಾತ್ರ. ಅವುಗಳ ಬಗ್ಗೆ ಅಣ್ಣನಿಗೆ ಕನಿಕರವೂ ಇದೆ. "ಊರಲ್ಲಾದರೆ ಮದುವೆಯಾಗದೆ ಸತ್ತವರಿಗೂ ಆಟಿ ತಿಂಗಳಲ್ಲಿ ಸಂಬಂಧ ನೋಡಿ ಕುಲೆ ಮದುವೆ ಮಾಡಿಸ್ತೇವೆ. ಇಲ್ಲಿ ಬದುಕಿದ್ದವರಿಗೇ ರೂಮು ಸಿಗದೆ ಮದುವೆ ನಿಲ್ತದೆ, ಸತ್ತವರನ್ನು ಯಾರು ಕೇಳ್ತಾರೆ?"

ಖಾಲಿ ಬಿದ್ದ ಮನೆಯಲ್ಲಿ ಏನೋ ಇದೆ ಎಂದು ಯಾರಾದರೂ ಪಿಸುಗುಟ್ಟಿದರೆ ಅಣ್ಣನ ಮೊದಲ ಪ್ರಶ್ನೆ: "ಅಲಾಟ್‌ಮೆಂಟ್ ಯಾರ ಹೆಸರಲ್ಲಿತ್ತು?" ರಿಟೈರಾದವನು ಗಡುವು ಮೀರಿಯೂ ಕ್ವಾರ್ಟರ್ಸು ಬಿಡದಿದ್ದರೆ ದಂಡದ ಬಾಡಿಗೆ ಬೀಳುತ್ತದೆ. ಹಾಗಿರುವಾಗ ಸತ್ತವನು ಪುಕ್ಕಟೆ ಇರುವುದು ಯಾವ ರೂಲಿನ ಪ್ರಕಾರ? ಆಮೇಲೆ ಫೈಲು ಹುಟ್ಟುತ್ತದೆ. ಕೆಂಪು ಲಾಡಿ ಕಟ್ಟಿದ ನಿಜವಾದ ಫೈಲು. ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುವ ಜನರ ಈ ಕಾಲನಿಯಲ್ಲಿ ಯಾವ ಮನೆಯಲ್ಲಿ ಯಾರಿದ್ದರು, ಎಲ್ಲಿಗೆ ಹೋದರು, ಯಾರ ಅಜ್ಜಿ ಯಾವ ಮಳೆಗಾಲದಲ್ಲಿ ತೀರಿಕೊಂಡರು ಎಂಬುದೆಲ್ಲ ಕ್ರಮವಾಗಿ ಇರುವುದು ಆ ಫೈಲುಗಳಲ್ಲೇ.

ಮೂರನೇ ಮಹಡಿಯ ಕಾಲಸಪ್ಪಳದ ಕೇಸು ನೆನಪಾಗುತ್ತದೆ. ರಾತ್ರಿ ಎರಡಕ್ಕೆ ಶುರುವಾಗಿ ನಾಲ್ಕರವರೆಗೆ ಅತ್ತಿಂದಿತ್ತ ನಡಿಗೆ, ನಡುನಡುವೆ ಗೊಣಗಾಟ. ಅಣ್ಣ ಕತ್ತಲಲ್ಲಿ ಮೆಟ್ಟಿಲ ಮೇಲೆ ಕೂತು ಕಾದರು, ಬಾಗಿಲು ತಟ್ಟಿದರು. ಹೊರಬಂದದ್ದು ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗೆ ಸಂವಿಧಾನದ ವಿಧಿಗಳನ್ನು ಉರುಹೊಡೆಯುತ್ತಿದ್ದ ಬಡಕಲು ಹುಡುಗ. ಅಣ್ಣನ ಮುಖ ಬಾಡಿದ್ದನ್ನು ನಾವು ನೋಡಿದ್ದೇವೆ. ಆದರೂ ಅಂದಿನಿಂದ ಅತ್ತಿಗೆಯ ಚಹಾದ ಫ್ಲಾಸ್ಕು ರಾತ್ರಿ ಹನ್ನೊಂದಕ್ಕೆ ಮೂರನೇ ಮಹಡಿಗೆ ಹೋಗತೊಡಗಿತು. ಫೈಲಿನಲ್ಲಿ ಅದರ ನಮೂದಿಲ್ಲ.

ತೊಂಬತ್ತರ ದಶಕದಲ್ಲಿ ದೆವ್ವ ಓದಿ ಹಿಂದಿರುಗಲಿ ಎಂದು ಬೆಂಗಳೂರಿನ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಎಂದು ಬರೆದಿದ್ದರಲ್ಲ, ಆ ಉಪಾಯವನ್ನು ಇಲ್ಲೂ ಪ್ರಯೋಗಿಸಿದರು. ಆಂಟಾಪ್ ಹಿಲ್ಲಿನ ದೆವ್ವಕ್ಕೆ ಕನ್ನಡ ಬರಬೇಕಲ್ಲ? ಮರಾಠಿಯಲ್ಲಿ 'ಉದ್ಯಾ ಯೇ' ಎಂದು ಬರೆಸಿದರು. ಬಾಕಿ ವಸೂಲಿಗೆ ಬಂದ ಕೇಬಲ್‌ನವನು ಓದಿ ಹಿಂದಿರುಗಿದ. ವಾರದೊಳಗೆ ಇಡೀ ವಿಂಗ್‌ನ ಬಾಗಿಲುಗಳಲ್ಲಿ ಅದೇ ಬರಹ.

ಭಾಷೆಯ ತೊಡಕು ಇನ್ನೊಂದೆಡೆಯೂ ಇದೆ. ಮುಂಬಯಿಯ ಚೀನೀಯರ ಸ್ಮಶಾನ ಇರುವುದು ಆಂಟಾಪ್ ಹಿಲ್ಲಿನಲ್ಲೇ. ಏಪ್ರಿಲ್ ಹೊತ್ತಿಗೆ ಅವರ ಮನೆಯವರು ಬಂದು ಸಮಾಧಿ ತೊಳೆದು ಊದುಬತ್ತಿ ಹಚ್ಚಿ ಹೋಗುತ್ತಾರೆ. ಆ ಗೋಡೆಯ ಪಕ್ಕ ರಾತ್ರಿ ಯಾರಾದರೂ ಎದುರಾದರೆ ಏನೆಂದು ಮಾತಾಡಿಸುವುದು ಎಂಬ ಚಿಂತೆ ಅಣ್ಣನನ್ನು ಬಹಳ ದಿನ ಕಾಡಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದರು: ಮುಂಬಯಿಯಲ್ಲಿ ಸತ್ತವನಿಗೆ ಬಂಬಯ್ಯಾ ಹಿಂದಿ ಬಾರದೇ ಇರಲು ಸಾಧ್ಯವಿಲ್ಲ. ಆದರೆ ಈ ತನಕ ಯಾರೂ ಎದುರಾಗಿಲ್ಲ.

ಅವರ ದೊಡ್ಡ ಕೇಸು ನೆಲಮಹಡಿಯ ಖಾಲಿ ಮನೆಯ ಹೆಂಗಸಿನ ಅಳು. ಬೆಳಗಿನ ಜಾವ ನಾಲ್ಕಕ್ಕೆ ಸಣ್ಣಗೆ ಶುರುವಾಗಿ, ಏರಿ, ಬಿಕ್ಕಿ, ನಿಂತುಹೋಗುವ ಅಳು. ಫೈಲು ದಪ್ಪವಾಯಿತು. ಹಳೆಯ ವಾಸಿಗಳ ಪಟ್ಟಿ, ಅವರ ಸೊಸೆಯಂದಿರ ಪಟ್ಟಿ, ಸೊಸೆಯಂದಿರ ಮೇಲೆ ಅತ್ತೆಯಂದಿರ ದೂರುಗಳ ಪಟ್ಟಿ. ಒಂದು ದಿನ ಊಟಕ್ಕೆ ಕೂತಾಗ ಅಣ್ಣ ಆ ಅಳುವನ್ನು ಅನುಕರಿಸಿ ತೋರಿಸಿದರು. ಮಜ್ಜಿಗೆ ಬಡಿಸುತ್ತಿದ್ದ ಅತ್ತಿಗೆ, "ಅದು ನೀರು ಬರುವ ಸದ್ದಲ್ವಾ?" ಎಂದರು. ಪಾಲಿಕೆ ನೀರು ಬಿಡುವುದು ಗಂಟೆ ನೋಡಿ. ಬಿಡದ ಹೊತ್ತಿನಲ್ಲಿ ಪೈಪಿನ ತುಂಬ ಗಾಳಿ. ನೀರು ಬಂದು ಒತ್ತಿದಾಗ ಆ ಗಾಳಿ ಖಾಲಿ ಮನೆಯ ತೆರೆದ ನಲ್ಲಿಯಿಂದ ಅತ್ತುಕೊಂಡೇ ಹೊರಡುತ್ತದೆ. ನಾಲ್ಕಕ್ಕೆ ಎದ್ದು ಡ್ರಮ್ಮು ತುಂಬುವ ಹೆಂಗಸರಿಗೆಲ್ಲ ಅದು ಅಲಾರಮ್ಮು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ದೆವ್ವದ ವಿಷಯ ಕೇಳ್ತಿದ್ರಿ. ನೀರಿನ ವಿಷಯ ಕೇಳಿದ್ರೆ ಹೇಳ್ತಿದ್ದೆ."

ಅಣ್ಣ ಆ ಫೈಲನ್ನು ಮುಚ್ಚಲಿಲ್ಲ. 'ಪರಿಶೀಲನೆಯಲ್ಲಿದೆ' ಎಂದು ಬರೆದು ಕಪಾಟಿಗೆ ಸೇರಿಸಿ, ಮೋನೊರೈಲಿನ ಕಡೆ ತಿರುಗಿದರು. 2019ರ ಮಾರ್ಚಿನಲ್ಲಿ ಆಂಟಾಪ್ ಹಿಲ್ಲಿಗೂ ನಿಲ್ದಾಣ ಬಂದಿತ್ತು. ದೀಪ ಹೊತ್ತಿಸಿಕೊಂಡು ಬಂಡಿ ಬರುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ, ಯಾರೂ ಹತ್ತುತ್ತಿರಲಿಲ್ಲ, ಬಾಗಿಲು ಮುಚ್ಚುತ್ತಿತ್ತು. ಇದಕ್ಕಿಂತ ಬಲವಾದ ಸಾಕ್ಷ್ಯ ಅವರಿಗೆ ಯಾವ ಕೇಸಿನಲ್ಲೂ ಸಿಕ್ಕಿರಲಿಲ್ಲ.

ಈಗ ರಿಟೈರ್‌ಮೆಂಟು ಹತ್ತಿರ ಬಂದಿದೆ. ಕ್ವಾರ್ಟರ್ಸು ಬಿಟ್ಟು ಊರಿಗೆ ಹೋಗಬೇಕು. ಕಚೇರಿಯ ಚಾರ್ಜನ್ನು ವಹಿಸಿಕೊಳ್ಳಲು ಜನ ಇದ್ದಾರೆ. ಸೆಕ್ಟರಿನ ಚಾರ್ಜಿಗೆ ಅಣ್ಣ ಮೂರನೇ ಮಹಡಿಯ ಹುಡುಗನನ್ನು ಗೊತ್ತುಮಾಡಿದ್ದಾರೆ. ಅವನು ಪರೀಕ್ಷೆ ಪಾಸಾಗಿ ಮುಂಬಯಿಯಲ್ಲೇ ಕೆಲಸಕ್ಕೆ ಸೇರಿದ್ದಾನೆ. ಹಸ್ತಾಂತರದ ಪಟ್ಟಿ ಎರಡು ಪ್ರತಿಗಳಲ್ಲಿ ತಯಾರಾಗಿ ರುಜುವಿಗೆ ಬಂದಿತ್ತು: ಇತ್ಯರ್ಥವಾದ ಫೈಲುಗಳು, ಬಾಕಿ ಫೈಲುಗಳು, ಟಾರ್ಚು ಒಂದು. ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು.

"ಟಾರ್ಚು ಕೊಡಬೇಡಿ. ಊರಲ್ಲಿ ಕರೆಂಟು ಹೋಗ್ತದೆ."