ಮಾತಿಗೆ ಹದ್ದುಬಸ್ತು

ಪಕ್ಕದ ಮನೆ ರಾಯರು ನಿವೃತ್ತ ಮೋಜಣಿದಾರರು. ಕಾಂಪೌಂಡಿನ ಆಚೆ ಅವರ ನಿಂಬೆಗಿಡ, ಈಚೆ ನನ್ನ ದಾಸವಾಳ, ಮೇಲೆ ಬೆಳಗಿನ ಪೇಪರು. ಎರಡು ಮನೆಗೂ ಒಂದೇ ಪೇಪರು, ದುಡ್ಡು ನನ್ನದು. ಓದಿ ವಾಪಸು ಕೊಡುವಾಗ ಬಡ್ಡಿಯಾಗಿ ಒಂದು ಪ್ರಶ್ನೆ ಸೇರಿಸುವುದು ಅವರ ರೂಢಿ.

"ಏನ್ರೀ, ಇರಾನಿನ ಸಂಪ್ರದಾಯವಾದಿಗಳು ಅಂತ ಬರೀತಾರಲ್ಲ, ನಮ್ಮಜ್ಜಿ ಥರ ಮಡಿಯವರಾ?"

"ಅವರಲ್ಲೊಬ್ಬರು ಮಾತಿಗೂ ಮಡಿ ಉಡಿಸಹೊರಟವರು ರಾಯರೇ. ಹೆಸರು ಗುಲಾಮ್ ಅಲಿ ಹದ್ದಾದ್ ಆದಿಲ್."

"ಗುಲಾಮನೇ? ಇಸ್ಪೀಟೆಲೆ ಥರಾ?"

"ಅದೇ ಗುಲಾಮ, ಅಲಿಯ ಸೇವಕ ಅಂತ. ಆದಿಲ್ ಅಂದರೆ ನ್ಯಾಯವಂತ. ವಿಜಯಪುರದ ಆದಿಲ್‌ಶಾಹಿಗಳ ಆದಿಲ್ಲೂ ಇದೇ, ನಮ್ಮ ಅದಾಲತ್ತು ಇದರ ಒಡಹುಟ್ಟು. ಹದ್ದಾದ್ ಅಂದರೆ ಕಮ್ಮಾರ. ನಿಮ್ಮ ಹದ್ದುಬಸ್ತಿನ ಹದ್ದಿಗೂ ಈ ಹದ್ದಾದಿಗೂ ಅರಬ್ಬಿಯ ಮೂರಕ್ಷರದ ಬೇರು ಒಂದೇ. ಹೆಸರಿನ ತುಂಬ ಅರಬ್ಬಿ ಇಟ್ಟುಕೊಂಡು ಇವರು ಕೂತದ್ದು ಪಾರಸಿ ಭಾಷಾ ಅಕಾಡೆಮಿಯ ಅಧ್ಯಕ್ಷ ಪೀಠದಲ್ಲಿ!"

ಇಲಾಖೆಯ ಮಾತು ಕಿವಿಗೆ ಬಿದ್ದದ್ದೇ ರಾಯರು ಕಾಂಪೌಂಡಿಗೆ ಮೊಣಕೈ ಊರಿದರು. ಇನ್ನು ಅರ್ಧ ಗಂಟೆ ಕದಲುವುದಿಲ್ಲ.

ಹುಟ್ಟಿದ್ದು 1945, ಟೆಹರಾನಿನಲ್ಲಿ. ಓದಿದ್ದು ಮೊದಲು ಭೌತಶಾಸ್ತ್ರ, ಆಮೇಲೆ ಹೊರಳಿದ್ದು ತತ್ತ್ವಶಾಸ್ತ್ರಕ್ಕೆ. ಜರ್ಮನಿಯ ಕಾಂಟ್ ಬರೆದ 'ಪ್ರೊಲೆಗೊಮೆನಾ'ವನ್ನು ಪಾರಸಿಗೆ ತಂದರು, ಮುಂದೆ ಕುರಾನನ್ನೂ ಅನುವಾದಿಸಿದರು. 1979ರ ಕ್ರಾಂತಿಯ ಬಳಿಕ ಶಿಕ್ಷಣ ಇಲಾಖೆ ಸೇರಿ, ಮಕ್ಕಳ ಪಠ್ಯಪುಸ್ತಕ ಹೇಗಿರಬೇಕೆಂದು ವರ್ಷಗಟ್ಟಲೆ ನಿರ್ಧರಿಸಿದರು. ಪಾಶ್ಚಾತ್ಯರ ಉಡುಗೆಯ ಹಿಂದಿನ ಮನೋಭಾವವನ್ನು ಝಾಡಿಸಿ ಅವರು ಬರೆದ ಪುಟ್ಟ ಪುಸ್ತಕವೊಂದಿದೆ. ಅದರ ಹೆಸರಿನಲ್ಲೇ 'ಬೆತ್ತಲೆಯ ಸಂಸ್ಕೃತಿ, ಸಂಸ್ಕೃತಿಯ ಬೆತ್ತಲೆ' ಎಂಬ ಶ್ಲೇಷೆ. ಬೀಗತನವೂ ದೊಡ್ಡದೇ. ಮಗಳನ್ನು ಕೊಟ್ಟದ್ದು 1989ರಲ್ಲಿ ಸರ್ವೋಚ್ಚ ನಾಯಕರಾದ ಅಲಿ ಖಾಮೆನೈ ಅವರ ಮಗ ಮೊಜ್ತಬಾಗೆ.

"ಹಾಗಾದ್ರೆ ಚುನಾವಣೇಲಿ ಸೋಲೋ ಮಾತೇ ಇಲ್ಲ" ಅಂದರು ರಾಯರು.

"ಇದೆ. ಲೆಕ್ಕ ಹೇಳ್ತೀನಿ, ಕೇಳಿ."

ಮಜ್ಲಿಸ್ ಎನ್ನುವ ಅಲ್ಲಿನ ಸಂಸತ್ತಿನಲ್ಲಿ ಟೆಹರಾನಿಗೆ 30 ಸ್ಥಾನ. 2000ದ ಚುನಾವಣೆಯ ಮೊದಲ ಎಣಿಕೆಯಲ್ಲಿ ಇವರು ಆ 30ರೊಳಗೆ ಇರಲಿಲ್ಲ. ಇರಾನಿನಲ್ಲಿ 12 ಜನರ ಕಾವಲು ಮಂಡಳಿ ಒಂದಿದೆ. ಆರು ಜನ ಧರ್ಮಪಂಡಿತರು, ಆರು ಜನ ಕಾನೂನು ಬಲ್ಲವರು. ಯಾರು ಚುನಾವಣೆಗೆ ನಿಲ್ಲಬಹುದು, ಯಾವ ಓಟು ಊರ್ಜಿತ ಎನ್ನುವುದು ಅವರ ಕೈಯಲ್ಲಿ. ಮಂಡಳಿ ಸುಮಾರು 7 ಲಕ್ಷ ಓಟು ರದ್ದು ಮಾಡಿತು. ಪಟ್ಟಿ ಅಲುಗಾಡಿತು. ಇವರು ಒಳಗೆ ಬಂದರು.

"ಬಾಂದುಕಲ್ಲು ಕಿತ್ತು ನೆಟ್ಟರು ಅನ್ನಿ!"

2004ರಲ್ಲಿ ಮಂಡಳಿ ಸುಧಾರಣಾವಾದಿಗಳನ್ನು ಹಿಂಡುಹಿಂಡಾಗಿ ಅನರ್ಹಗೊಳಿಸಿತು. ಅವರಲ್ಲಿ 80ಕ್ಕೂ ಹೆಚ್ಚು ಮಂದಿ ಹಾಲಿ ಸದಸ್ಯರು. ಖಾಲಿ ಬಯಲಿನಲ್ಲಿ ಹದ್ದಾದ್ ಆದಿಲ್ ಟೆಹರಾನಿಗೆ ಮೊದಲಿಗರಾದರು, ಸ್ಪೀಕರೂ ಆದರು. ಕ್ರಾಂತಿಯಾದ ಮೇಲೆ ಆ ಕುರ್ಚಿಯಲ್ಲಿ ಕೂತ ಮೊದಲ ಪೇಟವಿಲ್ಲದ ತಲೆ ಅದು, ಹಿಂದಿನವರೆಲ್ಲ ಧರ್ಮಗುರುಗಳು. 2008ರಲ್ಲಿ ಕುರ್ಚಿ ಅಲಿ ಲಾರಿಜಾನಿ ಪಾಲಾಯಿತು. 2013ರಲ್ಲಿ ಅಧ್ಯಕ್ಷ ಪದವಿಗೆ ನಿಂತು, ಮತದಾನಕ್ಕೆ ನಾಲ್ಕೇ ದಿನ ಉಳಿದಾಗ ಹಿಂದೆ ಸರಿದರು. ತಮ್ಮವರ ಓಟು ಹಂಚಿಹೋಗದಿರಲಿ ಎಂಬುದು ಲೆಕ್ಕ. ಆದರೂ ಗೆದ್ದವರು ಎದುರು ಪಾಳೆಯದ ರೂಹಾನಿ. 2016ರಲ್ಲಿ ಟೆಹರಾನಿನ ಸಂಪ್ರದಾಯವಾದಿಗಳ ಪಟ್ಟಿಗೆ ಇವರದೇ ಮುಂದಾಳತ್ವ. 30 ಸ್ಥಾನವೂ ಎದುರು ಪಟ್ಟಿಗೆ ಹೋಯಿತು.

"ಇವರು ಎಷ್ಟನೆಯವರು?"

"31."

ರಾಯರು ನಗಲಿಲ್ಲ. "ಒಂದು ಗುಂಟೆಗೆ ಹೊರಗುಳಿದವರನ್ನ ನಾನು ಬಹಳ ನೋಡಿದ್ದೀನಿ" ಅಂದರು ಮೆಲ್ಲಗೆ. "ಸರಿ, ಮಾತಿನ ಮಡಿ ವಿಚಾರ ಹೇಳಿ."

ಅಕಾಡೆಮಿಗೆ ಇವರು 1995ರಿಂದ 2004ರವರೆಗೆ ಅಧ್ಯಕ್ಷರು, 2008ರಲ್ಲಿ ಮತ್ತೆ ಅದೇ ಪೀಠ. ಅಂಗಡಿ, ಸರಕುಗಳಿಗೆ ಪರದೇಶದ ಹೆಸರು ಇಡಕೂಡದೆಂದು 1996ರಲ್ಲಿ ಕಾನೂನೇ ಬಂತು. ಅರಬ್ಬಿ ಸಾವಿರ ವರ್ಷದಿಂದ ಮನೆಯೊಳಗೇ ಇದೆ, ಅದರ ತಂಟೆಗೆ ಅಕಾಡೆಮಿ ಹೆಚ್ಚು ಹೋಗುವುದಿಲ್ಲ. ಮೈಲಿಗೆಯೆಲ್ಲ ಇಂಗ್ಲಿಷು, ಫ್ರೆಂಚಿನದು. ಕಂಪ್ಯೂಟರಿಗೆ 'ರಾಯಾನೆ' ಅಂದರು.

"ನನ್ನ ಆನೆಯೇ?" ರಾಯರ ಹೊಟ್ಟೆ ಕುಣಿಯಿತು.

"ಅಣಿಗೊಳಿಸುವುದು ಅನ್ನೋ ಹಳೇ ಧಾತುವಿನಿಂದ ಬಂದ ಆನೆ. ಆಫೀಸು, ಪುಸ್ತಕ ಎಲ್ಲ ಕಡೆ ನಡೆಯುತ್ತೆ. ಎಸ್ಎಂಎಸ್ಸಿಗೆ 'ಪಯಾಮಕ್'. ಪಯಾಮ್ ಅಂದರೆ ಸಂದೇಶ, ನಮ್ಮ ಪೈಗಂಬರ ಅನ್ನೋದರಲ್ಲಿ ಇರೋದೂ ಅದೇ. ಕೊನೆಯ 'ಅಕ್' ಅಂದರೆ ಚಿಕ್ಕದು. ಮುದ್ದಾಗಿತ್ತು, ಜನ ಎತ್ತಿಕೊಂಡರು. ಪಿಜ್ಜಾಕ್ಕೆ 'ಕೆಶ್ ಲೊಖ್ಮೆ', ಅಂದರೆ ರಬ್ಬರಿನಂತೆ ಎಳೆಯೋ ತುತ್ತು, ಅಂತ 2006ರಲ್ಲಿ ಸುದ್ದಿಯಾಯ್ತು. ಟೆಹರಾನಿನವರು ಹೊಟ್ಟೆತುಂಬ ನಕ್ಕು ಪಿಜ್ಜಾನೇ ತಿಂದರು."

"ಅನರ್ಹ ಮಾಡೋಕೆ ಆಗಲಿಲ್ವೇ?"

"ಅದೇ ನೋಡಿ. ಹುರಿಯಾಳುಗಳಿಗೆ ಹದ್ದುಬಸ್ತು ಮಾಡೋಕೆ 12 ಜನ ಸಾಕು. ಮಾತು ಆ ಮಂಡಳಿಗೆ ಅರ್ಜಿ ಹಾಕೋದೇ ಇಲ್ಲ. ಇವರ ಪಯಾಮಕ್ ಟೆಹರಾನಿನ ಗಲ್ಲಿಯಲ್ಲಿ ಗೆದ್ದದ್ದು ಒಂದು ಓಟೂ ರದ್ದಾಗದೆ."

ರಾಯರು ನಿಂಬೆಗಿಡದ ಒಣರೆಂಬೆ ಮುರಿಯುತ್ತ ಯೋಚಿಸಿದರು. "ವಿಮಾನಕ್ಕೆ ಏನಂತಾರೆ?"

"'ಹವಾಪೈಮಾ'. ಅದು ಇವರದಲ್ಲ, ಇವರ ಅಕಾಡೆಮಿಗಿಂತ ಹಳೆಯದು. ಗಾಳಿಯನ್ನು ಅಳೆಯುತ್ತ ಸಾಗುವಂಥದ್ದು ಅಂತ."

"ಪೈಮಾ ಅಂದಿರಾ?" ರಾಯರ ಬೆನ್ನು ನೆಟ್ಟಗಾಯಿತು. "ನಾವು ಜಮೀನು ಅಳೆಯೋ ಪೈಮಾಷಿಯ ಪೈಮಾ?"

"ಅದೇ. ಬಹಮನಿಗಳ, ಆದಿಲ್‌ಶಾಹಿಗಳ ದಫ್ತರದ ಪಾರಸಿ. ಜಮೀನು, ದಫ್ತರ, ಗುಮಾಸ್ತ ಎಲ್ಲ ಅದೇ ಗಂಟು."

ಮೂವತ್ತು ವರ್ಷ ಚೈನು ಎಳೆದ ಮನುಷ್ಯ ಆಕಾಶ ನೋಡಿದರು. "ಹಾಗಾದ್ರೆ ನಾನು ಮಣ್ಣಿನಲ್ಲಿ ಮಾಡಿದ್ದನ್ನೇ ಅದು ಮೇಲೆ ಮಾಡುತ್ತೆ" ಅಂದು ಪೇಪರನ್ನು ಮತ್ತೆ ತಮ್ಮ ಕಂಕುಳಿಗೇ ಸಿಕ್ಕಿಸಿಕೊಂಡರು. ನಾನು ಕೈ ಚಾಚುವಷ್ಟರಲ್ಲಿ ಅವರ ಮನೆಯೊಳಗಿಂದ ಕೂಗು ಬಂತು:

"ಅಡುಗೆ ಆರ್ತಾ ಇದೆ. ಊರಿನ ಪೈಮಾಷಿ ಮುಗೀತೋ ಇಲ್ವೋ?"